ಏಳದ ಗಣಕಯಂತ್ರ: ನಿದಾನವೂ ಚಿಕಿತ್ಸೆಯೂ

ಪೂರ್ವದಲ್ಲಿ ಪ್ರತಿಯೊಬ್ಬ ಗೃಹಸ್ಥನ ಮನೆಯಲ್ಲಿಯೂ ಒಂದು ಪೆಟ್ಟಿಗೆಯಿರುತ್ತಿತ್ತು. ಕ್ರಯಪತ್ರ, ಸಾಲದ ಚೀಟಿ, ಮಕ್ಕಳ ಜಾತಕ, ಲೆಕ್ಕದ ಕಡತ, ಹಿರಿಯರ ಭಾವಚಿತ್ರ ಇವೆಲ್ಲವೂ ಅದರೊಳಗೆ ಭದ್ರವಾಗಿರುತ್ತಿದ್ದುವು. ಈಗ ಆ ಪೆಟ್ಟಿಗೆಯ ಸ್ಥಾನವನ್ನು ಅನೇಕ ಮನೆಗಳಲ್ಲಿ ಗಣಕಯಂತ್ರವು ಆಕ್ರಮಿಸಿರುವುದು. ಪೆಟ್ಟಿಗೆಯ ಬೀಗ ಕೆಟ್ಟರೆ ಕಮ್ಮಾರನನ್ನು ಕರೆದು ತೆಗೆಯಿಸಬಹುದಾಗಿತ್ತು. ಒಳಗಿನ ವಸ್ತುವಿಗೆ ಹಾನಿಯಿರಲಿಲ್ಲ. ಗಣಕಯಂತ್ರವು ಒಂದು ದಿನ ಏಳದೆ ಹೋದರೆ ಮಾತ್ರ ಮನೆಯವರೆಲ್ಲರೂ ದಿಕ್ಕುಗೆಡುವರು.

ಯಂತ್ರವು ಏಳದಿರುವುದಕ್ಕೆ ಕಾರಣಗಳು ನೂರಾರು. ಅವೆಲ್ಲವನ್ನೂ ವಿವರಿಸುವುದು ಈ ಲೇಖನದ ಉದ್ದೇಶವಲ್ಲ. ಯಂತ್ರದೊಳಗೆ ಹೊಸ ಅಂಗವೊಂದನ್ನು ಸೇರಿಸಿದ ಅಥವಾ ಹಳೆಯ ಅಂಗವೊಂದನ್ನು ಬದಲಿಸಿದ ಬಳಿಕ ಅದು ಏಳದೆ ಹೋಗುವ ಸಂದರ್ಭವನ್ನು ಮಾತ್ರ ವಿಚಾರಿಸೋಣ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯವರು ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಹೊಸ ಯಂತ್ರವನ್ನು ಕೊಳ್ಳುವುದರ ಬದಲು ಹಳೆಯದಕ್ಕೇ ಸ್ವಲ್ಪ ರ್‍ಯಾಮನ್ನು ಸೇರಿಸಿ, ತಿರುಗುವ ಹಾರ್ಡ್‌ಡಿಸ್ಕಿನ ಸ್ಥಾನದಲ್ಲಿ ಎಸ್.ಎಸ್.ಡಿ.ಯನ್ನು ಹಾಕಿಸಿ, ಇನ್ನು ನಾಲ್ಕು ವರುಷ ನಡೆಯಿಸೋಣವೆಂದು ಎಣಿಸುವ ಗೃಹಸ್ಥರು ಬಹಳ ಮಂದಿ. ಆ ಎಣಿಕೆಯು ಯುಕ್ತವಾದುದೇ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಈ ಅಂಗಗಳು ಬಿಡಿಯಾಗಿಯೇ ದೊರೆಯುವುವು. ಹಾಕಿಕೊಳ್ಳುವ ಕೆಲಸವೂ ಕಷ್ಟವಲ್ಲ. ಆದರೆ ಹಾಕಿ ಮುಗಿಸಿ ಗುಂಡಿಯನ್ನೊತ್ತಿದಾಗ ಪರದೆಯು ಕಪ್ಪಾಗಿಯೇ ಉಳಿದರೆ ಮಾಡತಕ್ಕುದೇನು?

ಹೀಗಾದಾಗ ಜನರು ಎರಡು ಬಗೆಯಿಂದ ನಷ್ಟಪಡುವರು. ಆತುರಗಾರರು ಒಳಗಿನ ತಂತಿಗಳನ್ನೆಲ್ಲ ಒಮ್ಮೆಗೇ ಕಿತ್ತು, ಒಮ್ಮೆಗೇ ಸಿಕ್ಕಿಸಿ, ಇದ್ದ ದೋಷದ ಮೇಲೆ ಇನ್ನೆರಡು ದೋಷಗಳನ್ನು ಸೇರಿಸಿಕೊಳ್ಳುವರು. ಹತಾಶರು ಯಂತ್ರವು ಸತ್ತಿತೆಂದು ನಿಶ್ಚಯಿಸಿ ಹೊಸದನ್ನು ಕೊಳ್ಳುವರು. ಇಲ್ಲವೆ ಯಾರೋ ಹೇಳಿದರೆಂದು ಡಿಸ್ಕನ್ನು ಅಳಿಸಲು ಒಪ್ಪಿ, ಹಣಕ್ಕಿಂತ ಹೆಚ್ಚಿನದನ್ನು ಕಳೆದುಕೊಳ್ಳುವರು. ಈ ಎರಡು ದಾರಿಗಳ ನಡುವೆ ವಿಚಾರದ ದಾರಿಯೊಂದುಂಟು.

ವೈದ್ಯನಿಗೆ ಅತ್ಯಂತ ತೊಡಕಿನ ರೋಗವಾವುದೆಂದರೆ, ಎಂದು ಆರಂಭವಾಯಿತೆಂಬುದು ರೋಗಿಗೇ ತಿಳಿಯದ ರೋಗ. ನಮ್ಮ ಪ್ರಕೃತ ರೋಗವು ಅಂತಹುದಲ್ಲ. ಸಂಜೆ ಆರು ಗಂಟೆಗೆ ಯಂತ್ರವು ನೆಟ್ಟಗಿತ್ತು. ಏಳು ಗಂಟೆಗೆ ನಾವು ಕೈಯಿಟ್ಟೆವು. ಎಂಟು ಗಂಟೆಗೆ ಅದು ಏಳಲಿಲ್ಲ. ಹಾಗಾದರೆ ಕಾರಣವನ್ನು ನಾವು ಕೈಯಿಟ್ಟ ಆ ಒಂದು ಗಂಟೆಯೊಳಗೇ ಮೊದಲು ಹುಡುಕಬೇಕು. ಇಷ್ಟು ದೊಡ್ಡ ಅನುಕೂಲವು ಬೇರೆ ಯಾವ ಕೆಡಕಿನಲ್ಲಿಯೂ ನಮಗೆ ದೊರೆಯದು. ಇದನ್ನು ಬಿಟ್ಟುಕೊಡದಿರುವುದೇ ಚಿಕಿತ್ಸೆಯ ಸಾರ.

ಏಳುವುದೆಂದರೇನು?

ಗಣಕಯಂತ್ರವು ಏಳುವುದಕ್ಕೆ ‘ಬೂಟ್’ ಆಗುವುದೆಂದು ಹೆಸರು. ಬೂಟನ್ನು ಕಾಲಿಗೆ ಏರಿಸಿಕೊಳ್ಳುವುದಕ್ಕಾಗಿ ಅದರ ಮೇಲಂಚಿನಲ್ಲಿ ಹೊಲಿದಿರುವ ಪಟ್ಟಿಗೆ ‘ಬೂಟ್‌ಸ್ಟ್ರಾಪ್’ ಎನ್ನುವರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲಕ್ಕೆತ್ತಿಕೊಳ್ಳುವುದೆಂಬ ಅಸಂಭವವಾದ ಕಾರ್ಯದಿಂದ ಈ ಹೆಸರು ಬಂದಿತು. ನಮ್ಮ ಶಾಸ್ತ್ರಕಾರರೂ ಇಂತಹುದೇ ದೃಷ್ಟಾಂತವೊಂದನ್ನು ಬಳಸಿರುವರು: ಎಷ್ಟು ನುರಿತ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನು. ಗಣಕಯಂತ್ರದ ತೊಡಕೂ ಇದೇ. ಅದು ಏನನ್ನು ಮಾಡಬೇಕಾದರೂ ಆದೇಶಗಳು ಬೇಕು. ಆ ಆದೇಶಗಳು ಡಿಸ್ಕಿನಲ್ಲಿರುವುವು. ಡಿಸ್ಕಿನಿಂದ ಅವನ್ನು ಓದಿಕೊಳ್ಳುವುದಕ್ಕೂ ಆದೇಶ ಬೇಕು!

ಈ ಆತ್ಮಾಶ್ರಯದೋಷವನ್ನು ಪರಿಹರಿಸುವುದಕ್ಕಾಗಿಯೇ ಮದರ್‌ಬೋರ್ಡಿನ ಮೇಲೆ ಪುಟ್ಟದೊಂದು ಚಿಪ್ಪನ್ನಿರಿಸಿ, ಅದರಲ್ಲಿ ಪ್ರಥಮಾದೇಶಗಳನ್ನು ಅಳಿಯದಂತೆ ಬರೆದಿಡುವರು. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎಂದೂ ಈಚಿನವುಗಳಲ್ಲಿ ಯು.ಇ.ಎಫ್.ಐ. ಎಂದೂ ಹೆಸರು, ರೂಢಿಯಲ್ಲಿ ಎರಡನ್ನೂ ಬಯೋಸ್ ಎಂದೇ ಕರೆಯುವರು. ಗುಂಡಿಯನ್ನೊತ್ತಿದ ಒಡನೆಯೇ ನಡೆಯುವ ಕಾರ್ಯವನ್ನು ನಾಲ್ಕು ಮೆಟ್ಟಿಲುಗಳಾಗಿ ಎಣಿಸಬಹುದು. ಮೊದಲನೆಯದು, ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆಯು ಮನೆಯ ವಿದ್ಯುತ್ತನ್ನು ತಗ್ಗಿಸಿ ಅಂಗಗಳಿಗೆ ಹಂಚುವುದು. ಎರಡನೆಯದು, ಪ್ರಥಮಾದೇಶಗಳು ಪ್ರೊಸೆಸರ್, ರ್‍ಯಾಮ್, ಚಿತ್ರವನ್ನು ತೋರಿಸುವ ಅಂಗ ಇವುಗಳನ್ನು ಪರೀಕ್ಷಿಸುವುದು. ಮೂರನೆಯದು, ಕಾರ್ಯವ್ಯವಸ್ಥೆಯು ಯಾವ ಡಿಸ್ಕಿನಲ್ಲಿರುವುದೆಂದು ಹುಡುಕುವುದು. ನಾಲ್ಕನೆಯದು, ಆ ವ್ಯವಸ್ಥೆಗೆ ಅಧಿಕಾರವನ್ನೊಪ್ಪಿಸಿ ತಾನು ಹಿಂದೆ ಸರಿಯುವುದು. ಐ.ಬಿ.ಎಂ. ಸಂಸ್ಥೆಯವರು ೧೯೮೧ರಲ್ಲಿ ಹೊರತಂದ ಪಿ.ಸಿ.ಯಲ್ಲಿಯೂ ಈ ಸ್ವಪರೀಕ್ಷೆಯಿದ್ದಿತು. ಎಲ್ಲವೂ ಸರಿಯಾಗಿದ್ದರೆ ಒಂದು ಸಲ ಕಿರಿದಾಗಿ ಕೂಗಿ ಮುಂದುವರಿಯುವುದು ಅದರ ಪದ್ಧತಿ. ಅಂದಿನಿಂದ ಇಂದಿನವರೆಗೆ ವೇಗವು ಸಾವಿರಪಟ್ಟು ಹೆಚ್ಚಿದರೂ ಮೆಟ್ಟಿಲುಗಳ ಕ್ರಮವು ಬದಲಾಗಲಿಲ್ಲ.

ರೂಪ, ಎಂದರೆ ಲಕ್ಷಣ

ಮಾಧವನಿದಾನದಲ್ಲಿ ರೋಗವನ್ನರಿಯುವುದಕ್ಕೆ ಐದು ಸಾಧನಗಳನ್ನು ಹೇಳಿದೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ನಿದಾನ, ಎಂದರೆ ಹೇತು, ನಮಗೆ ಸ್ಥೂಲವಾಗಿ ತಿಳಿದಿದೆ. ಇನ್ನು ರೂಪವನ್ನು ನೋಡಬೇಕು. ಯಂತ್ರವು ಯಾವ ಮೆಟ್ಟಿಲಿನಲ್ಲಿ ನಿಂತಿತೆಂಬುದನ್ನು ಅದೇ ತಿಳಿಸುವುದು.

ಗುಂಡಿಯನ್ನೊತ್ತಿದರೂ ಪಂಖ ತಿರುಗದೆ, ದೀಪ ಹತ್ತದೆ ಇದ್ದರೆ ಮೊದಲನೆಯ ಮೆಟ್ಟಿಲಿನಲ್ಲಿಯೇ ತಡೆಯೆಂದು ತಿಳಿಯಬೇಕು. ಗೋಡೆಯ ಸ್ವಿಚ್ಚು, ಯು.ಪಿ.ಎಸ್., ಎಸ್.ಎಂ.ಪಿ.ಎಸ್.ನ ಹಿಂಬದಿಯ ಸ್ವಿಚ್ಚು ಇವನ್ನು ನೋಡುವುದು. ಮದರ್‌ಬೋರ್ಡಿಗೆ ಹೋಗುವ ೨೪ ಪಿನ್ನುಗಳ ದೊಡ್ಡ ಸಂಧಿಯು ಪೂರ್ತಿ ಕುಳಿತಿದೆಯೇ ಎಂದು ನೋಡುವುದು. ಮುಂಬದಿಯ ಗುಂಡಿಯಿಂದ ಬರುವ ಸಣ್ಣ ತಂತಿಯು ಕಳಚಿದೆಯೇ ಎಂದು ನೋಡುವುದು. ಕೆಲಸ ಮಾಡುವಾಗ ಕೈ ತಗಲಿ ಈ ಸಣ್ಣ ತಂತಿಯು ಕಳಚುವುದು ಅಪರೂಪವಲ್ಲ. ಪಂಖವು ಒಂದೆರಡು ಸುತ್ತು ತಿರುಗಿ ನಿಂತುಬಿಟ್ಟರೆ ಎಲ್ಲಿಯೋ ವಿದ್ಯುತ್ತು ಅಡ್ಡದಾರಿ ಹಿಡಿದಿರಬಹುದು. ಒಳಗೆ ತಿರುಪುಮೊಳೆಯೇನಾದರೂ ಬಿದ್ದಿದೆಯೇ ಎಂದು ಪರೀಕ್ಷಿಸದೆ ಮತ್ತೆ ಗುಂಡಿಯನ್ನೊತ್ತಲಾಗದು.

ಪಂಖ ತಿರುಗಿ, ದೀಪ ಹತ್ತಿ, ಪರದೆ ಮಾತ್ರ ಕಪ್ಪಾಗಿದ್ದರೆ ಅದು ಎರಡನೆಯ ಮೆಟ್ಟಿಲು. ರ್‍ಯಾಮ್, ಚಿತ್ರದ ಕಾರ್ಡು, ಪ್ರೊಸೆಸರ್ ಇವುಗಳ ಮೇಲೆ ಶಂಕೆ. ಯಂತ್ರವು ಇಲ್ಲಿ ಮೂಕವಾಗಿರುವುದಿಲ್ಲ. ಪುಟ್ಟ ಸ್ಪೀಕರಿದ್ದರೆ ಎಣಿಸಿದಷ್ಟು ಸಲ ಕೂಗುವುದು; ಈಚಿನ ಅನೇಕ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರ್, ರ್‍ಯಾಮ್, ಚಿತ್ರ, ಬೂಟ್ ಎಂದು ನಾಲ್ಕು ಸಣ್ಣ ದೀಪಗಳಿದ್ದು, ತಡೆಯಾದ ಕಡೆಯ ದೀಪವು ಹತ್ತಿಕೊಂಡೇ ಇರುವುದು. ಕೂಗಿನ ಅರ್ಥವು ತಯಾರಕರಿಂದ ತಯಾರಕರಿಗೆ ಬೇರೆಯಾದುದರಿಂದ ಕೈಪಿಡಿಯನ್ನು ನೋಡಿಯೇ ಅರ್ಥೈಸಬೇಕು.

ತಯಾರಕರ ಚಿಹ್ನೆಯು ಪರದೆಯ ಮೇಲೆ ಮೂಡಿ, ಅನಂತರ ‘ಬೂಟ್ ಮಾಡುವ ಸಾಧನವಿಲ್ಲ’ ಎಂಬರ್ಥದ ಇಂಗ್ಲಿಷ್ ವಾಕ್ಯವು ಬಂದರೆ ಮೂರನೆಯ ಮೆಟ್ಟಿಲು. ಆಗ ರ್‍ಯಾಮನ್ನೂ ಪ್ರೊಸೆಸರನ್ನೂ ಮುಟ್ಟುವುದು ವ್ಯರ್ಥ. ಡಿಸ್ಕು, ಅದರ ತಂತಿ, ಬಯೋಸಿನ ಏರ್ಪಾಡು ಇವನ್ನು ನೋಡಬೇಕು. ವಿಂಡೋಸ್ ಏಳಲು ಹೊರಟು ನೀಲಿ ಪರದೆಯನ್ನು ತೋರಿಸಿದರೆ, ಅಥವಾ ದೀರ್ಘವಾದ ಸಂಖ್ಯೆಯೊಂದನ್ನು ಕೇಳಿದರೆ, ನಾಲ್ಕನೆಯ ಮೆಟ್ಟಿಲು. ಲಕ್ಷಣವನ್ನು ನೋಡದೆ ಔಷಧವನ್ನು ಕೊಡುವವನಂತೆ, ಮೆಟ್ಟಿಲನ್ನು ಗುರುತಿಸದೆ ಕೈಯಿಡುವವನು ದೋಷವಿಲ್ಲದ ಕಡೆಯಲ್ಲಿ ದುಡಿಯುವನು.

ಕೈಯಿಡುವ ಮುನ್ನ

ಯಂತ್ರವನ್ನು ನಿಲ್ಲಿಸಿ, ಗೋಡೆಯಿಂದ ತಂತಿಯನ್ನೇ ಕಿತ್ತಿಡಬೇಕು. ಸ್ವಿಚ್ಚನ್ನು ಆರಿಸಿದರೆ ಸಾಲದು. ಬಳಿಕ ಯಂತ್ರದ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿಹಿಡಿದರೆ ಒಳಗೆ ಉಳಿದಿರುವ ವಿದ್ಯುತ್ತು ಬಹುಮಟ್ಟಿಗೆ ಹರಿದುಹೋಗುವುದು. ಲ್ಯಾಪ್‌ಟಾಪಾದರೆ ಬ್ಯಾಟರಿಯ ಸಂಬಂಧವನ್ನೂ ತಪ್ಪಿಸಬೇಕು. ನಮ್ಮ ಮೈಯಲ್ಲಿ ಸೇರಿರುವ ಸ್ಥಿರವಿದ್ಯುತ್ತು ಚಿಪ್ಪುಗಳಿಗೆ ಶತ್ರು. ಆದಕಾರಣ ಕೆಲಸದ ಮೊದಲೂ ನಡುನಡುವೆಯೂ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಭಾಗವನ್ನು ಮುಟ್ಟುತ್ತಿರಬೇಕು. ಜಮಖಾನೆಯ ಮೇಲೆ ಕುಳಿತು ಈ ಕೆಲಸವನ್ನು ಮಾಡಲಾಗದು. ಎಸ್.ಎಂ.ಪಿ.ಎಸ್. ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಎಂದಿಗೂ ಬಿಚ್ಚಕೂಡದು. ತಂತಿಯನ್ನು ಕಿತ್ತ ಮೇಲೆಯೂ ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯವುಂಟುಮಾಡುವಷ್ಟು ವಿದ್ಯುತ್ತು ಉಳಿದಿರಬಹುದು.

ಇನ್ನೊಂದು ಸುಲಭವಾದ ಮುನ್ನೆಚ್ಚರಿಕೆಯುಂಟು. ಏನನ್ನೂ ಕದಲಿಸುವ ಮುನ್ನ ಮೊಬೈಲಿನಿಂದ ಒಳಭಾಗದ ನಾಲ್ಕು ಚಿತ್ರಗಳನ್ನು ತೆಗೆದಿಡುವುದು. ಮಾಡಿದ ಪ್ರತಿಯೊಂದು ಕ್ರಿಯೆಯನ್ನೂ ಒಂದು ಕಾಗದದಲ್ಲಿ ಬರೆಯುತ್ತ ಹೋಗುವುದು. ಯಾವ ತಂತಿ ಎಲ್ಲಿತ್ತೆಂಬ ವಾದವು ಮನೆಯಲ್ಲಿ ಹುಟ್ಟಿದಾಗ ಈ ಚಿತ್ರಗಳೇ ಪ್ರಮಾಣ.

ಉಪಶಯ: ಹಿಂದಿನ ಸ್ಥಿತಿಗೆ ಒಯ್ಯುವುದು

ರೋಗವು ಸಂದಿಗ್ಧವಾಗಿರುವಾಗ ವೈದ್ಯನು ಒಂದು ಔಷಧವನ್ನೋ ಪಥ್ಯವನ್ನೋ ಕೊಟ್ಟು, ಅದರಿಂದ ಉಪಶಮನವಾಯಿತೇ ಎಂದು ನೋಡಿ ರೋಗವನ್ನು ನಿಶ್ಚಯಿಸುವನು. ಇದೇ ಉಪಶಯವು. ನಮ್ಮ ಯಂತ್ರಕ್ಕೆ ಉಪಶಯವೆಂದರೆ ಹೊಸ ಅಂಗವನ್ನು ತೆಗೆದು, ಹಳೆಯದನ್ನು ಅದರ ಸ್ಥಾನದಲ್ಲಿಯೇ ಹಾಕಿ, ಗುಂಡಿಯನ್ನೊತ್ತಿ ನೋಡುವುದು.

ಯಂತ್ರವು ಎದ್ದಿತೆನ್ನಿ. ಅಷ್ಟರಿಂದಲೇ ಹೊಸ ಅಂಗವು ಕೆಟ್ಟದ್ದೆಂದು ಅಂಗಡಿಯವನೊಡನೆ ಜಗಳಕ್ಕೆ ಹೊರಡಕೂಡದು. ತರ್ಕಶಾಸ್ತ್ರದಲ್ಲಿ ಕಾರ್ಯಕಾರಣಸಂಬಂಧವನ್ನು ನಿಶ್ಚಯಿಸಲು ಅನ್ವಯ, ವ್ಯತಿರೇಕ ಎಂಬ ಎರಡೂ ಬೇಕು. ಇದಿದ್ದರೆ ಅದುಂಟು ಎಂಬುದು ಅನ್ವಯ. ಇದಿಲ್ಲದಿದ್ದರೆ ಅದಿಲ್ಲ ಎಂಬುದು ವ್ಯತಿರೇಕ. ಹೊಸ ಅಂಗವನ್ನು ತೆಗೆದಾಗ ತಡೆಯು ಹೋಯಿತೆಂಬುದು ವ್ಯತಿರೇಕ ಮಾತ್ರ. ಮತ್ತೊಮ್ಮೆ ಸರಿಯಾಗಿ ಹಾಕಿದಾಗ ತಡೆಯು ಮತ್ತೆ ಬಂದರೆ ಅನ್ವಯವೂ ಸಿದ್ಧಿಸಿದಂತೆ. ಆಗಲೂ ದೋಷವು ಅಂಗದ್ದೋ, ಅದನ್ನು ಹಾಕಿದ ಸ್ಥಾನದ್ದೋ, ಅವೆರಡರ ಹೊಂದಿಕೆಯದೋ ಎಂದು ವಿಂಗಡಿಸಬೇಕು. ಅದೇ ಅಂಗವನ್ನು ಬೇರೆ ಸ್ಲಾಟಿನಲ್ಲಿಯೂ, ಸಾಧ್ಯವಾದರೆ ಬೇರೆ ಯಂತ್ರದಲ್ಲಿಯೂ ಹಾಕಿ ನೋಡಿದರೆ ಇದು ತಿಳಿಯುವುದು.

ಹಳೆಯ ಸ್ಥಿತಿಗೆ ಒಯ್ದರೂ ಯಂತ್ರವು ಏಳಲಿಲ್ಲವೆನ್ನಿ. ಆಗ ನಾವು ಕೈಯಿಟ್ಟಾಗ ಪಕ್ಕದ ಅಂಗವಾವುದಾದರೂ ಕದಲಿರಬಹುದು. ಇದೇ ಹೆಚ್ಚಾಗಿ ಕಾಣುವುದು. ಅಥವಾ ಕಾಕತಾಲೀಯವಾಗಿ ಬೇರೊಂದು ಅಂಗವು ಅದೇ ಸಮಯಕ್ಕೆ ಕೆಟ್ಟಿರಬಹುದು. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧವಿಲ್ಲದಿದ್ದರೂ ಎರಡೂ ಒಂದೇ ಕ್ಷಣದಲ್ಲಿ ನಡೆಯುವುದುಂಟಷ್ಟೆ. ಆದಕಾರಣ ಕೊನೆಯ ಬದಲಾವಣೆಯನ್ನು ಮೊದಲು ಶಂಕಿಸಬೇಕು. ಪರೀಕ್ಷಿಸದೆ ಅಪರಾಧಿಯೆಂದು ತೀರ್ಮಾನಿಸಬಾರದು.

ಇಲ್ಲೆಲ್ಲ ಪಾಲಿಸಬೇಕಾದ ವ್ರತವೊಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ರ್‍ಯಾಮನ್ನು ತೆಗೆದು, ತಂತಿಯನ್ನು ಬದಲಿಸಿ, ಬಯೋಸನ್ನು ಮಾರ್ಪಡಿಸಿ ಆಮೇಲೆ ಯಂತ್ರವು ಎದ್ದರೆ, ಯಾವುದರಿಂದ ಎದ್ದಿತೆಂದು ಹೇಳುವವರಾರು? ನಾಳೆ ಪುನಃ ಮಲಗಿದರೆ ಮೊದಲಿನಿಂದ ತೊಡಗಬೇಕಾಗುವುದು.

ಅಂಗಾಂಗಗಳ ವಿಶೇಷ

ರ್‍ಯಾಮಿನ ವಿಷಯದಲ್ಲಿ ಮೊದಲು ಜಾತಿಯನ್ನು ನೋಡಬೇಕು. ಡಿ.ಡಿ.ಆರ್. ೩, ೪, ೫ ಇವು ಒಂದರ ಸ್ಥಾನದಲ್ಲಿ ಇನ್ನೊಂದು ಸಲ್ಲವು. ಮೇಜಿನ ಯಂತ್ರಗಳಲ್ಲಿ ಮೂರನೆಯದಕ್ಕೆ ೨೪೦ ಪಿನ್ನುಗಳು. ನಾಲ್ಕನೆಯದಕ್ಕೂ ಐದನೆಯದಕ್ಕೂ ೨೮೮. ಪಿನ್ನುಗಳ ಸಂಖ್ಯೆ ಒಂದೇ ಆದರೂ ನಡುವಿನ ಕಚ್ಚು ಬೇರೆ ಬೇರೆ ಕಡೆಯಲ್ಲಿರುವುದರಿಂದ ತಪ್ಪು ಪಟ್ಟಿಯು ಕೂಡುವುದಿಲ್ಲ. ಕೂಡದುದನ್ನು ಬಲದಿಂದ ಒತ್ತಿದರೆ ಸ್ಲಾಟು ಮುರಿಯುವುದು. ಜಾತಿ ಸರಿಯಾಗಿದ್ದಾಗ ಮಾತ್ರ ಸ್ವಲ್ಪ ಧೈರ್ಯದಿಂದಲೇ ಒತ್ತಬೇಕು. ಕೊಂಡಿಯು ‘ಟಕ್’ ಎಂದು ಕಚ್ಚಿಕೊಂಡ ಶಬ್ದವು ಕೇಳಿಸಬೇಕು. ಅರ್ಧ ಕುಳಿತ ರ್‍ಯಾಮು ಕಣ್ಣಿಗೆ ಪೂರ್ತಿ ಕುಳಿತಂತೆಯೇ ಕಾಣುವುದು. ನಾಲ್ಕು ಸ್ಲಾಟುಗಳಿದ್ದು ಎರಡು ಪಟ್ಟಿಗಳನ್ನು ಹಾಕುವುದಾದರೆ, ಬಹುತೇಕ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಥಾನಗಳೇ ಯೋಗ್ಯವಾದುವು. ಕೈಪಿಡಿಯು ಬೇರೆ ಹೇಳಿದರೆ ಅದೇ ಪ್ರಮಾಣ.

ಡಿ.ಡಿ.ಆರ್. ೫ ಇರುವ ಯಂತ್ರಗಳಲ್ಲಿ ಒಂದು ವಿಶೇಷವಿದೆ. ಹೊಸ ರ್‍ಯಾಮನ್ನು ಹಾಕಿದ ಮೇಲೆ ಮೊದಲ ಸಲ ಏಳುವಾಗ ಯಂತ್ರವು ಅದರೊಡನೆ ಪರಿಚಯವನ್ನು ಬೆಳೆಯಿಸಿಕೊಳ್ಳುವುದು. ಇದಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು. ಅಷ್ಟು ಹೊತ್ತೂ ಪರದೆಯು ಕಪ್ಪಾಗಿಯೇ ಇರುವುದು. ಅರೆನಿಮಿಷಕ್ಕೇ ಬೇಸತ್ತು ವಿದ್ಯುತ್ತನ್ನು ತಪ್ಪಿಸಿದರೆ ಆ ಕೆಲಸವು ಮುಗಿಯದೆ ಮತ್ತೆ ಮೊದಲಿಗೆ ಬರುವುದು. ಇಲ್ಲಿ ಹತ್ತು ಹದಿನೈದು ನಿಮಿಷದ ತಾಳ್ಮೆಯೇ ಔಷಧ.

ಚಿತ್ರದ ಕಾರ್ಡನ್ನು ಹೊಸದಾಗಿ ಹಾಕಿದವರು ಮಾನಿಟರಿನ ತಂತಿಯನ್ನು ಹಳೆಯ ರಂಧ್ರದಲ್ಲಿಯೇ ಬಿಟ್ಟು, ಚಿತ್ರವಿಲ್ಲವೆಂದು ಚಿಂತಿಸುವುದುಂಟು. ತಂತಿಯನ್ನು ಹೊಸ ಕಾರ್ಡಿಗೇ ಸಿಕ್ಕಿಸಬೇಕು. ದೊಡ್ಡ ಕಾರ್ಡುಗಳಿಗೆ ಎಸ್.ಎಂ.ಪಿ.ಎಸ್.ನಿಂದ ಪ್ರತ್ಯೇಕವಾದ ೬ ಅಥವಾ ೮ ಪಿನ್ನುಗಳ ತಂತಿ ಬೇಕು; ಎಸ್.ಎಂ.ಪಿ.ಎಸ್.ನ ಸಾಮರ್ಥ್ಯವೂ ಸಾಕಷ್ಟಿರಬೇಕು. ಮದರ್‌ಬೋರ್ಡನ್ನು ಬದಲಿಸಿದವರು ಪ್ರೊಸೆಸರಿನ ಬಳಿಯ ೪ ಅಥವಾ ೮ ಪಿನ್ನುಗಳ ಸಂಧಿಯನ್ನು ಮರೆಯುವುದು ಸಾಮಾನ್ಯ. ಅದಿಲ್ಲದೆ ಪಂಖಗಳು ತಿರುಗುವುವು, ಪ್ರೊಸೆಸರು ಮಾತ್ರ ಏಳದು.

ಪ್ರೊಸೆಸರನ್ನು ಬದಲಿಸಿದಾಗ, ಅದು ಸಾಕೆಟಿನಲ್ಲಿ ಕೂಡಿತೆಂಬ ಮಾತ್ರಕ್ಕೆ ಹೊಂದಿತೆಂದಲ್ಲ. ಎ.ಎಂ.ಡಿ. ಸಂಸ್ಥೆಯ ಎ.ಎಂ. ೪ ಸಾಕೆಟು ಇದಕ್ಕೆ ಒಳ್ಳೆಯ ಉದಾಹರಣೆ. ೨೦೧೭ರ ರೈಜೆನ್ ಪ್ರೊಸೆಸರುಗಳಿಂದ ೨೦೨೦ರ ರೈಜೆನ್ ೫೦೦೦ ಶ್ರೇಣಿಯವರೆಗೆ ಸಾಕೆಟು ಒಂದೇ. ಆದರೂ ಹಳೆಯ ಬೋರ್ಡಿನ ಬಯೋಸಿಗೆ ತನ್ನ ಅನಂತರ ಹುಟ್ಟಿದ ಪ್ರೊಸೆಸರಿನ ಗುರುತಿರದು. ಹಳೆಯ ಪ್ರೊಸೆಸರು ಇರುವಾಗಲೇ ಬಯೋಸನ್ನು ಹೊಸದಾಗಿಸಿ ಆಮೇಲೆ ಬದಲಿಸಬೇಕು. ಹಳೆಯ ಪ್ರೊಸೆಸರೇ ಇಲ್ಲದವರಿಗೆ ಈ ತೊಡಕು ಎಷ್ಟಾಯಿತೆಂದರೆ, ೨೦೧೮ರಲ್ಲಿ ಆ ಸಂಸ್ಥೆಯವರು ಬಯೋಸನ್ನು ಹೊಸದಾಗಿಸುವುದಕ್ಕಾಗಿ ಕೆಲವು ಗ್ರಾಹಕರಿಗೆ ಪ್ರೊಸೆಸರನ್ನು ಎರವಲು ಕೊಡುವ ಏರ್ಪಾಡನ್ನೇ ಮಾಡಿದರು.

ಡಿಸ್ಕಿನ ವಿಷಯ. ಎರಡನೆಯ ಡಿಸ್ಕನ್ನು ಸೇರಿಸಿದಾಗ ಯಂತ್ರವು ಬರಿದಾದ ಹೊಸ ಡಿಸ್ಕಿನಲ್ಲಿ ಕಾರ್ಯವ್ಯವಸ್ಥೆಯನ್ನು ಹುಡುಕಿ ಬರಿಗೈಯಲ್ಲಿ ನಿಲ್ಲುವುದುಂಟು. ಬಯೋಸಿನೊಳಗೆ ಹೋಗಿ ಬೂಟ್ ಕ್ರಮದಲ್ಲಿ ಹಳೆಯ ಡಿಸ್ಕನ್ನು ಮೊದಲಿರಿಸಿದರೆ ಸಾಕು. ಕೆಲವು ಬೋರ್ಡುಗಳಲ್ಲಿ ಎಂ.೨ ಸ್ಲಾಟಿನಲ್ಲಿ ಹೊಸ ಎಸ್.ಎಸ್.ಡಿ.ಯನ್ನು ಹಾಕಿದೊಡನೆ ಒಂದೆರಡು ಸಾಟಾ ರಂಧ್ರಗಳು ತಾವಾಗಿಯೇ ಮುಚ್ಚಿಕೊಳ್ಳುವುವು. ಏಕೆಂದರೆ ಎರಡಕ್ಕೂ ದಾರಿಯೊಂದೇ. ಹಳೆಯ ಡಿಸ್ಕು ಆ ರಂಧ್ರದಲ್ಲಿದ್ದರೆ ಅದು ಸತ್ತಂತೆ ತೋರುವುದು. ಬೇರೆ ರಂಧ್ರಕ್ಕೆ ಬದಲಿಸಿದ ಕೂಡಲೆ ಜೀವ ಬರುವುದು.

ಬಯೋಸಿನ ಏರ್ಪಾಡುಗಳನ್ನೂ ಗಡಿಯಾರವನ್ನೂ ಕಾಪಾಡುವುದಕ್ಕೆ ಬೋರ್ಡಿನ ಮೇಲೆ ನಾಣ್ಯದಂತಹ ಬ್ಯಾಟರಿಯೊಂದಿರುವುದು. ಅದರ ಹೆಸರು ಸಾಮಾನ್ಯವಾಗಿ ಸಿ.ಆರ್. ೨೦೩೨: ಇಪ್ಪತ್ತು ಮಿಲಿಮೀಟರು ಅಗಲ, ಮೂರೂ ಎರಡು ದಶಾಂಶ ದಪ್ಪ, ಮೂರು ವೋಲ್ಟು. ವಿದ್ಯುತ್ತನ್ನು ತಪ್ಪಿಸಿ ಇದನ್ನು ಕೆಲವು ನಿಮಿಷ ಹೊರಗಿಟ್ಟರೆ ಬಯೋಸು ಮೂಲಸ್ಥಿತಿಗೆ ಬರುವುದು. ಅನೇಕ ಸಲ ಹೊಸ ಅಂಗದೊಡನೆ ಹೊಂದಿಕೊಳ್ಳುವುದು. ಆದರೆ ಇದನ್ನೇ ಮೊದಲ ಔಷಧವಾಗಿ ಮಾಡಲಾಗದು. ಡಿಸ್ಕಿನೊಡನೆ ವ್ಯವಹರಿಸುವ ರೀತಿಯನ್ನು ಹಿಂದೆ ಯಾರಾದರೂ ಬದಲಿಸಿದ್ದರೆ, ಮೂಲಸ್ಥಿತಿಗೆ ಒಯ್ದಾಗ ಅದೂ ತಿರುಗುಮುರುಗಾಗಿ ವಿಂಡೋಸ್ ನೀಲಿ ಪರದೆಯನ್ನು ತೋರಿಸಬಹುದು. ಮೊದಲು ಬಯೋಸಿನ ಪುಟಗಳ ಚಿತ್ರವನ್ನು ತೆಗೆದಿಟ್ಟವರಿಗೆ ಈ ಭಯವಿಲ್ಲ.

ಒಂದು ನಿದರ್ಶನ

ನಮ್ಮ ಬೀದಿಯ ಗೃಹಸ್ಥರೊಬ್ಬರ ಮನೆಯಲ್ಲಿ ನಡೆದುದನ್ನು ಹೇಳುವೆನು. ಅವರ ಹಳೆಯ ಯಂತ್ರದಲ್ಲಿ ೪ ಜಿ.ಬಿ. ರ್‍ಯಾಮಿದ್ದಿತು, ೮ ಜಿ.ಬಿ.ಯ ಇನ್ನೊಂದು ಪಟ್ಟಿಯನ್ನು ತಂದು ಪಕ್ಕದಲ್ಲಿ ಹಾಕಿದರು. ಪಂಖ ತಿರುಗಿತು, ಪರದೆ ಕಪ್ಪಾಯಿತು. ಹೊಸದನ್ನು ತೆಗೆದರು, ಆದರೂ ಕಪ್ಪೇ. ಯಂತ್ರವನ್ನು ಅಂಗಡಿಯೊಂದಕ್ಕೆ ಹೊತ್ತೊಯ್ದಾಗ, ಮದರ್‌ಬೋರ್ಡು ಹೋಗಿದೆ, ಹೊಸ ಯಂತ್ರವನ್ನು ಕೊಂಡರೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಅದಕ್ಕೇ ಹಾಕಿಕೊಡುವೆವು ಎಂದರು. ಆ ಡಿಸ್ಕಿನಲ್ಲಿ ಗೃಹಸ್ಥರ ತಾಯಿಯವರು ತೀರಿಕೊಳ್ಳುವ ಮುಂಚಿನ ವರುಷ ಹಾಡಿದ ಹಸೆಯ ಹಾಡು, ಆರತಿಯ ಹಾಡುಗಳ ಧ್ವನಿಮುದ್ರಣವಿದ್ದಿತು. ಇನ್ನೊಂದು ಪ್ರತಿಯಿರಲಿಲ್ಲ. ಹಾಡು ಹೋದರೆ ಹೋಗಲಿ ಎಂದು ಅವರ ಬಾಯಿಂದ ಬರಲಿಲ್ಲ. ಯಂತ್ರವನ್ನು ಮನೆಗೆ ತಂದರು.

ಅವರ ಮಗಳು ವಾಣಿಜ್ಯವನ್ನು ಓದುತ್ತಿರುವವಳು, ಯಂತ್ರಶಾಸ್ತ್ರವನ್ನಲ್ಲ. “ಅಪ್ಪಾ, ಒಂದೊಂದಾಗಿ ನೋಡೋಣ” ಎಂದು ಕಾಗದವನ್ನು ತೆಗೆದುಕೊಂಡು ಕುಳಿತಳು. ತಂತಿಯನ್ನು ಕಿತ್ತಿಟ್ಟು ರ್‍ಯಾಮನ್ನು ಪೂರ್ತಿಯಾಗಿ ತೆಗೆದಳು. ಬಳಿಕ ತಂತಿಯನ್ನು ಸಿಕ್ಕಿಸಿ ಗುಂಡಿಯನ್ನೊತ್ತಿದಾಗ ಯಂತ್ರವು ಬಿಟ್ಟುಬಿಟ್ಟು ಕೂಗತೊಡಗಿತು. ತಂದೆಗೆ ಆ ಕೂಗು ಅಪಶಕುನವೆನಿಸಿತು. ಮಗಳಿಗೆ ಅದೇ ಶುಭವಾರ್ತೆ. ರ್‍ಯಾಮಿಲ್ಲವೆಂದು ಯಂತ್ರವು ದೂರುತ್ತಿದೆ; ದೂರುವುದಕ್ಕೆ ಪ್ರೊಸೆಸರೂ ಬೋರ್ಡೂ ಪ್ರಥಮಾದೇಶಗಳೂ ಬದುಕಿರಬೇಕು. ಸತ್ತ ಬೋರ್ಡು ಹೀಗೆ ಕೂಗದು. ಆ ಒಂದು ಕೂಗಿನಿಂದ ಅಂಗಡಿಯ ನಿರ್ಣಯವು ಬಿದ್ದುಹೋಯಿತು.

ಮತ್ತೆ ತಂತಿಯನ್ನು ಕಿತ್ತು, ಹಳೆಯ ಪಟ್ಟಿಯ ಅಂಚನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಎರಡು ತುದಿಯನ್ನೂ ಸಮವಾಗಿ ಒತ್ತಿದಳು. ಒಂದು ತುದಿಯಲ್ಲಿ ಕೊಂಡಿಯು ‘ಟಕ್’ ಎಂದಿತು. ಹೊಸ ಪಟ್ಟಿಯನ್ನು ಒತ್ತುವಾಗ ಪಕ್ಕದ ಹಳೆಯದರ ಆ ತುದಿಯು ಕೂದಲೆಳೆಯಷ್ಟು ಮೇಲೆದ್ದಿದ್ದಿತು. ಗುಂಡಿಯನ್ನೊತ್ತಲು ಪರದೆ ಬೆಳಗಿತು. ಆಮೇಲೆ ಹೊಸದನ್ನು ಮಾತ್ರ ಹಾಕಿ ನೋಡಿದಳು, ಎದ್ದಿತು. ಎರಡನ್ನೂ ಹಾಕಿದಳು, ಎದ್ದಿತು. ಎರಡರಲ್ಲಿಯೂ ದೋಷವಿರಲಿಲ್ಲ. ಖರ್ಚು ಒಂದು ಕಾಸೂ ಇಲ್ಲ. ಆ ರಾತ್ರಿಯೇ ಅಜ್ಜಿಯ ಹಾಡುಗಳನ್ನು ಎರಡು ಬೇರೆ ಕಡೆಗಳಲ್ಲಿ ಪ್ರತಿಮಾಡಿಟ್ಟರು.

ಡಿಸ್ಕಿನೊಳಗಿನ ಸಂಪತ್ತು

ಈ ನಿದರ್ಶನದಿಂದ ಗೃಹಸ್ಥರು ನೆನಪಿನಲ್ಲಿಡಬೇಕಾದುದು ಇನ್ನೊಂದುಂಟು. ಯಂತ್ರವು ಏಳದಿರುವುದು ಬೇರೆ, ಡಿಸ್ಕು ಹಾಳಾಗುವುದು ಬೇರೆ. ಬೋರ್ಡು ನಿಜವಾಗಿಯೂ ಹೋಗಿದ್ದರೂ ಬಿಡಿಯಾಗಿ ತೆಗೆಯಬಹುದಾದ ಡಿಸ್ಕನ್ನು ಹೊರತೆಗೆದು, ಯು.ಎಸ್.ಬಿ.ಗೆ ಸೇರಿಸುವ ಸಣ್ಣ ಸಾಧನದ ಮೂಲಕ ಬೇರೆ ಯಂತ್ರಕ್ಕೆ ಹಚ್ಚಿ ಓದಿಕೊಳ್ಳಬಹುದು. ಆದಕಾರಣ ಡಿಸ್ಕಿನ ಪ್ರತಿಯಾಗುವ ತನಕ ‘ಫಾರ್ಮ್ಯಾಟ್ ಮಾಡೋಣವೇ?’ ಎಂಬ ಪ್ರಶ್ನೆಗೆ, ಕೇಳುವವರು ಎಷ್ಟೇ ವಿಶ್ವಾಸದಿಂದ ಕೇಳಲಿ, ಬೇಡವೆಂದೇ ಉತ್ತರಿಸಬೇಕು.

ಆದರೆ ಇದಕ್ಕೊಂದು ಅಪವಾದವಿದೆ. ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗವು ಹಾಕಿರುವ ಡಿಸ್ಕನ್ನು ಬೇರೆಡೆಗೆ ಒಯ್ದರೂ ಕೀಲಿಯಿಲ್ಲದೆ ಓದಲಾಗದು. ಮೈಕ್ರೋಸಾಫ್ಟ್ ಖಾತೆಯಿಂದ ಪ್ರಾರಂಭಿಸಿದ ಅನೇಕ ಯಂತ್ರಗಳಲ್ಲಿ ಈ ಬೀಗವು ಒಡೆಯನಿಗೆ ತಿಳಿಯದಂತೆಯೇ ಬಿದ್ದಿರುವುದು. ೨೦೨೪ರಲ್ಲಿ ಬಂದ ವಿಂಡೋಸ್ ೧೧ರ ಆವೃತ್ತಿಯಿಂದ ಇದು ಇನ್ನೂ ಹೆಚ್ಚಿನ ಯಂತ್ರಗಳಿಗೆ ವ್ಯಾಪಿಸಿತು. ಮದರ್‌ಬೋರ್ಡನ್ನು ಬದಲಿಸಿದರೆ, ಬಯೋಸನ್ನು ಮಾರ್ಪಡಿಸಿದರೆ, ಕಳ್ಳನು ಡಿಸ್ಕನ್ನು ಒಯ್ದನೋ ಎಂಬ ಶಂಕೆಯಿಂದ ವಿಂಡೋಸ್ ೪೮ ಅಂಕಿಗಳ ಸಂಖ್ಯೆಯನ್ನು ಕೇಳಬಹುದು. ಆಗ ಹೆದರಬೇಕಾಗಿಲ್ಲ, ಆ ಸಂಖ್ಯೆಯು ಸಾಮಾನ್ಯವಾಗಿ ಒಡೆಯನ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಂಗ್ರಹವಾಗಿದ್ದು, ಮೊಬೈಲಿನಿಂದಲೂ ನೋಡಬಹುದು. ಆದರೆ ಆ ಖಾತೆಯ ಗುಪ್ತಪದವನ್ನೇ ಮರೆತಿದ್ದರೆ, ಕೀಲಿಯು ಬೇರೆಲ್ಲಿಯೂ ಇಲ್ಲದಿದ್ದರೆ, ಆ ಬೀಗವನ್ನು ಯಾವ ಅಂಗಡಿಯವನೂ ತೆಗೆಯಲಾರನು. ಆದುದರಿಂದ ಯಂತ್ರವು ಆರೋಗ್ಯವಾಗಿರುವ ಇಂದೇ ಆ ಸಂಖ್ಯೆಯನ್ನು ನೋಡಿ ಕಾಗದದ ಮೇಲೆ ಬರೆದು, ಮನೆಯ ಪತ್ರಗಳೊಡನೆ ಇರಿಸುವುದು ಲೇಸು. ಅಂಗವನ್ನು ಬದಲಿಸುವ ಮುನ್ನ ಬೀಗವನ್ನು ತಾತ್ಕಾಲಿಕವಾಗಿ ತಡೆಹಿಡಿದರೆ ಇನ್ನೂ ಲೇಸು.

ತಜ್ಞರ ಬಳಿಗೆ ಹೋಗಬೇಕಾದಾಗ

ಸುಟ್ಟ ವಾಸನೆ, ಹೊಗೆ, ಉಬ್ಬಿದ ಬ್ಯಾಟರಿ, ಬಾಗಿದ ಸಾಕೆಟು ಪಿನ್ನು ಇವು ಕಂಡರೆ ಮನೆಯ ವೈದ್ಯವನ್ನು ನಿಲ್ಲಿಸಬೇಕು. ಹಾಗೆಯೇ, ಕೇವಲ ಬೋರ್ಡ್, ಪ್ರೊಸೆಸರ್, ಒಂದು ರ್‍ಯಾಮು, ಚಿತ್ರಕ್ಕೆ ಬೇಕಾದ ಅಂಗ ಇಷ್ಟನ್ನೇ ಉಳಿಸಿಕೊಂಡರೂ ಯಂತ್ರವು ಸ್ವಪರೀಕ್ಷೆಯನ್ನು ದಾಟದಿದ್ದರೆ ಬದಲಿ ಅಂಗಗಳುಳ್ಳ ತಜ್ಞನ ಸಹಾಯವು ಬೇಕಾಗುವುದು. ಆಗಲೂ ‘ಏಳುವುದಿಲ್ಲ’ ಎಂದಷ್ಟೇ ಹೇಳಿ ಬರಬಾರದು. ಯಾವ ಅಂಗವನ್ನು ಯಾವಾಗ ಬದಲಿಸಿದೆವು, ಯಾವ ಮೆಟ್ಟಿಲಿನಲ್ಲಿ ನಿಂತಿತು, ಏನನ್ನು ಮಾಡಿದಾಗ ಏನಾಯಿತು ಎಂದು ಬರೆದ ಕಾಗದವನ್ನು ಕೊಟ್ಟರೆ ಒಳ್ಳೆಯ ತಜ್ಞನಿಗೆ ಅರ್ಧ ಕೆಲಸವು ಮುಗಿಯುವುದು. ಒಳ್ಳೆಯವನಲ್ಲದವನಿಗೆ, ಇವರನ್ನು ಸುಲಭವಾಗಿ ನಂಬಿಸಲಾಗದೆಂಬುದು ತಿಳಿಯುವುದು. ಡಿಸ್ಕನ್ನು ಮನೆಯಲ್ಲಿಯೇ ತೆಗೆದಿಟ್ಟು ಉಳಿದ ಯಂತ್ರವನ್ನು ಮಾತ್ರ ಒಯ್ಯುವುದೂ ಸಾಧ್ಯ. ಪರದೆಯು ಬೆಳಗುವುದಕ್ಕೆ ಡಿಸ್ಕು ಬೇಕಾಗಿಲ್ಲ.

ಯಂತ್ರಗಳು ವರುಷಕ್ಕೊಂದು ಬಗೆಯಾಗಿ ಬದಲಾಗುತ್ತಿರುವುವು. ಇಲ್ಲಿ ಹೇಳಿದ ಪಿನ್ನುಗಳ ಸಂಖ್ಯೆಯೂ ರ್‍ಯಾಮಿನ ಜಾತಿಯೂ ಮುಂದೆ ಹಳತಾಗುವುವು. ಆದರೆ ಹಿಂದಿನ ಪ್ರತಿಯನ್ನು ಕಾಪಾಡಿಕೊಂಡು ಕೆಲಸಕ್ಕೆ ತೊಡಗುವುದು, ಲಕ್ಷಣವನ್ನು ನೋಡಿ ಸ್ಥಾನವನ್ನು ಗೊತ್ತುಮಾಡುವುದು, ಕೊನೆಗೆ ಮಾಡಿದ್ದನ್ನು ಮೊದಲು ಹಿಂತೆಗೆಯುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಈ ನಾಲ್ಕು ಹಳತಾಗತಕ್ಕುವಲ್ಲ. ನೀರೆತ್ತುವ ಪಂಪು ಕೆಟ್ಟಾಗಲೂ, ಮನೆಯ ಲೆಕ್ಕವು ತಾಳೆಯಾಗದಾಗಲೂ ಗೃಹಸ್ಥನಿಗೆ ಇವೇ ಒದಗುವುವು.